ನಾವು ಗೆದ್ವಿ ಅಂದಾಗ

2024ರ ಮೇ 18, ಶನಿವಾರ. ರಾತ್ರಿ ಹನ್ನೆರಡರ ಹತ್ತಿರ. ಜೆ.ಪಿ. ನಗರದ ನಮ್ಮ ಮನೆಯ ಹಾಲಿನಲ್ಲಿ ನಾನು ಸೋಫಾ ಮೇಲೆ ಹತ್ತಿ ನಿಂತು ‘ಗೆದ್ವೀ...’ ಅಂತ ಕಿರುಚಿದೆ. ಅಪ್ಪ ನಿದ್ದೆಗಣ್ಣಲ್ಲೇ ರೂಮಿನಿಂದ ಎದ್ದು ಬಂದರು. ಕನ್ನಡಕ ಹುಡುಕಿ ಹಾಕಿಕೊಂಡು ಟೀವಿ ನೋಡಿದರು.

‘ಏನು, ಕಪ್ ಬಂತಾ?’

‘ಇಲ್ಲಪ್ಪಾ, ಪ್ಲೇಆಫ್‌ಗೆ ಹೋದ್ವಿ.’

‘ಅಂದ್ರೆ?’

‘ಅಂದ್ರೆ... ನಾಲ್ಕನೇ ಸ್ಥಾನ.’

ಅಪ್ಪ ಒಂದು ನಿಮಿಷ ನನ್ನನ್ನೇ ನೋಡಿದರು. ‘ಹೋದ್ವಿ ಅಂತೀಯಲ್ಲ, ನೀನು ಯಾವ ಓವರ್ ಹಾಕ್ದೆ?’ ಅಂದವರೇ ನೀರು ಕುಡಿದು ಹೋಗಿ ಮಲಗಿಬಿಟ್ಟರು.

ಈ ಪ್ರಶ್ನೆಯನ್ನ ಪ್ರಪಂಚದ ಎಲ್ಲ ಅಪ್ಪಂದಿರೂ ಎಲ್ಲ ಮಕ್ಕಳಿಗೂ ಕೇಳಿರ್ತಾರೆ. ನಾವು ನಕ್ಕು ಮುಂದೆ ಹೋಗಿರ್ತೀವಿ. ನಾನೂ ಹೋದೆ. ಹೋಗಿದ್ದು 24ನೇ ಮೇನ್‌ಗೆ. ಅಲ್ಲಿ ಆಗಲೇ ಬೈಕುಗಳು ಸಾಲಾಗಿ ಹಾರ್ನ್ ಹೊಡೀತಾ ಇದ್ದವು. ಯಾರೋ ಗುರುತಿಲ್ಲದವನು ತಬ್ಬಿಕೊಂಡ. ಇನ್ಯಾರೋ ಬಾಯಿಗೆ ಪೇಡ ತುರುಕಿದರು. ಅಷ್ಟು ಹೊತ್ತಿನಲ್ಲಿ ಅವರಿಗೆ ಪೇಡ ಎಲ್ಲಿ ಸಿಕ್ಕಿತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ.

ಕ್ರಿಕೆಟ್ ನೋಡದವರಿಗೆ ಆ ಕುಣಿತ ಹುಚ್ಚು ಅನ್ನಿಸಿದ್ದರೆ ತಪ್ಪಿಲ್ಲ. ಆ ಸೀಸನ್ನಿನ ಮೊದಲ 8 ಮ್ಯಾಚುಗಳಲ್ಲಿ ಆರ್‌ಸಿಬಿ 7 ಸೋತಿತ್ತು. ಆಫೀಸಿನಲ್ಲಿ ನಮ್ಮನ್ನ ಆಡಿಕೊಳ್ಳೋರಿಗೂ ಬೇಜಾರಾಗಿ ಅವರು ಬಿಟ್ಟೇಬಿಟ್ಟಿದ್ದರು. ಅಲ್ಲಿಂದ ಸತತ ಆರು ಗೆಲುವು. ಆರನೆಯದು ಚಿನ್ನಸ್ವಾಮಿಯಲ್ಲಿ ಚೆನ್ನೈ ಮೇಲೆ. ಅವತ್ತು ಬರೀ ಗೆದ್ದರೆ ಸಾಲುತ್ತಿರಲಿಲ್ಲ, ರನ್‌ರೇಟ್ ಲೆಕ್ಕದಲ್ಲಿ 18 ರನ್ನಿನಿಂದಾದರೂ ಗೆಲ್ಲಬೇಕಿತ್ತು. ನಮ್ಮದು 218. ಕೊನೆಯ ಓವರಿನಲ್ಲಿ ಚೆನ್ನೈ 17 ಹೊಡೆದಿದ್ದರೆ, ಸೋತರೂ ಅವರೇ ಪ್ಲೇಆಫ್‌ಗೆ. ಮೊದಲ ಬಾಲನ್ನೇ ಧೋನಿ 110 ಮೀಟರ್ ದೂರ ಎತ್ತಿದರು. ಎರಡನೇ ಬಾಲಿಗೆ ಅದೇ ಧೋನಿ ಔಟ್. ಓವರಿನಲ್ಲಿ ಬಂದಿದ್ದು ಒಟ್ಟು 7. ನಾಲ್ಕು ದಿನ ಬಿಟ್ಟು ಎಲಿಮಿನೇಟರ್‌ನಲ್ಲಿ ರಾಜಸ್ಥಾನದ ಎದುರು ಸೋತು ಮನೆಗೆ ಬಂದ್ವಿ. ನೋಡಿ, ‘ಬಂದ್ವಿ’ ಅಂತ ಮತ್ತೆ ಬರೆದೆ.

ನಿಜ ಹೇಳ್ಬೇಕು ಅಂದ್ರೆ, ಆ ಮೇ 18ರ ರಾತ್ರಿ ನನಗೆ ಈಗಲೂ ತುಂಬಾ ಇಷ್ಟ. ಅವತ್ತು ಕೈಗೆ ಬಂದಿದ್ದು ಏನೂ ಇಲ್ಲ. ಟ್ರೋಫಿ ಇಲ್ಲ, ಮೆರವಣಿಗೆ ಇಲ್ಲ. ಇನ್ನೂ ಆಟದಲ್ಲಿ ಇದ್ದೀವಿ ಅನ್ನೋದೊಂದೇ. ಅಷ್ಟಕ್ಕೇ ಊರಿಗೆ ಊರೇ ರಸ್ತೆಗೆ ಬಂದಿತ್ತು.

ಆದರೆ ಅಪ್ಪನ ಪ್ರಶ್ನೆ ಇದೆಯಲ್ಲ, ಅದು ತಮಾಷೆಯಾಗಿಯೇ ಉಳೀಲಿಲ್ಲ. ಒಂದು ವರ್ಷದ ಮೇಲೆ ವಾಪಸ್ ಬಂತು. ಅದನ್ನ ಹೇಳೋಕೇ ಇದನ್ನ ಬರೀತಿರೋದು.

ಅಪ್ಪನಿಗೆ ಕ್ರಿಕೆಟ್ ಗೊತ್ತಿಲ್ಲ ಅಂದ್ಕೋಬೇಡಿ. 1974ರಲ್ಲಿ ರಣಜಿ ಸೆಮಿಫೈನಲ್ ನಮ್ಮೂರಲ್ಲೇ ನಡೆದಾಗ ಕಾಲೇಜಿಗೆ ಚಕ್ಕರ್ ಹೊಡೆದು ಸ್ಟ್ಯಾಂಡಿನಲ್ಲಿ ಕೂತಿದ್ದವರು ಅವರು. ಬಾಂಬೆ ತಂಡ ಅಷ್ಟು ಹೊತ್ತಿಗೆ ಸತತ 15 ವರ್ಷ ರಣಜಿ ಗೆದ್ದಿತ್ತು. ಅಂಥ ಬಾಂಬೆ ಮೇಲೆ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಆಮೇಲೆ ಪ್ರಸನ್ನ ಗಾವಸ್ಕರನ್ನ ಬೌಲ್ಡ್ ಮಾಡಿದ್ದು. ಆ ಬಾಲನ್ನ ಅಪ್ಪ ಇವತ್ತಿಗೂ ಕೈಯಲ್ಲಿ ನಿಂಬೆಹಣ್ಣು ಹಿಡಿದು ತೋರಿಸ್ತಾರೆ. ಆ ವರ್ಷ ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು. ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂದು ಇನ್ನೂ ಆರು ತಿಂಗಳೂ ಆಗಿರಲಿಲ್ಲ.

ಆ ಕತೆ ಹೇಳುವಾಗ ಅಪ್ಪ ‘ನಾವು ಬಾಂಬೆನ ಹೊಡೆದ್ವಿ’ ಅಂತಲೇ ಹೇಳೋದು. ನಾನು ಬಿಡ್ತೀನಾ? ‘ನೀವು ಯಾವ ಓವರ್ ಹಾಕಿದ್ರಿ?’ ಅಂತ ಕೇಳಿದೆ. ಅದಕ್ಕವರು, ‘ಅದು ಬೇರೆ ಕಣೋ. ಅವರು ನಮ್ಮ ಹುಡುಗ್ರು. ವಿಶ್ವನಾಥ್ ಭದ್ರಾವತಿಯವನು, ಚಂದ್ರ ಮೈಸೂರಿನವನು. ಅವರು ಆಡ್ತಿದ್ದ ಕ್ಲಬ್ ಮ್ಯಾಚ್‌ಗಳನ್ನ ನಾವು ಬೇಲಿ ಹತ್ರ ನಿಂತು ನೋಡಿದ್ವಿ. ನಿಂದೇನು? ವಿಸ್ಕಿ ಹೆಸರು ಇಟ್ಟುಕೊಂಡಿರೋ ಟೀಮು’ ಅಂದರು.

ಈ ವಾದಕ್ಕೆ ಉತ್ತರ ಕೊಡೋದು ಸುಲಭ ಅಲ್ಲ. ಹೆಸರು ಬಂದಿದ್ದು ವಿಸ್ಕಿಯಿಂದಲೇ, ನಿಜ. 2008ರಲ್ಲಿ ಮಲ್ಯ ಅವರ ಕಂಪನಿ 11 ಕೋಟಿ ಡಾಲರಿಗೂ ಮೇಲೆ ಕೊಟ್ಟು ಕೊಂಡ ಟೀಮು. ಆಮೇಲೆ ಮಾಲೀಕರೂ ಬದಲಾದರು. ಆಟಗಾರರು ಹರಾಜಿನಲ್ಲಿ ಬರ್ತಾರೆ, ಹರಾಜಿನಲ್ಲೇ ಹೋಗ್ತಾರೆ. 2025ರ ಫೈನಲ್ ಆಡಿದ ಹನ್ನೊಂದು ಜನರಲ್ಲಿ ಕರ್ನಾಟಕದವರು ಮಯಾಂಕ್ ಅಗರ್‌ವಾಲ್ ಒಬ್ಬರೇ. ಅವರೂ ದೇವದತ್ತ ಪಡಿಕ್ಕಲ್‌ಗೆ ಗಾಯ ಆದ ಮೇಲೆ ಬದಲಿಯಾಗಿ ಬಂದವರು. ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ ನಡೀತು, ನಿಮಗೂ ನೆನಪಿರುತ್ತೆ. ಡೆಲ್ಲಿ ಪರವಾಗಿ ಆಡಿದ ಕೆ.ಎಲ್. ರಾಹುಲ್ ಚಿನ್ನಸ್ವಾಮಿಯಲ್ಲಿ ಔಟಾಗದೆ 93 ಹೊಡೆದು ನಮ್ಮನ್ನ ಸೋಲಿಸಿದರು. ಸೋಲಿಸಿದ ಮೇಲೆ ಬ್ಯಾಟಿನಲ್ಲಿ ನೆಲದ ಮೇಲೆ ಒಂದು ವೃತ್ತ ಎಳೆದು, ಕಾಂತಾರ ಸ್ಟೈಲಿನಲ್ಲಿ ಬ್ಯಾಟ್ ಊರಿ, ಇದು ನನ್ನ ಜಾಗ ಅನ್ನೋ ಹಾಗೆ ನಿಂತರು. ಸ್ಟೇಡಿಯಂನಲ್ಲಿದ್ದ ನಾವೆಲ್ಲ ಕೆಂಪು ಜೆರ್ಸಿ ಹಾಕಿಕೊಂಡು ಪೆಚ್ಚಾಗಿ ನೋಡ್ತಿದ್ವಿ. ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ಜಾಗ ಅವರದೇ. ಹಾಗಾದರೆ ಅವತ್ತು ಅಲ್ಲಿ ‘ನಾವು’ ಯಾರು, ‘ಅವರು’ ಯಾರು?

‘ನಿಂದು ಬಾಡಿಗೆ ನಾವು’ ಅಂತ ಅಪ್ಪ ತೀರ್ಪು ಕೊಟ್ಟರು.

ಆದರೆ ಅಪ್ಪನ ಲೆಕ್ಕದಲ್ಲೂ ತೂತುಗಳಿವೆ. ಬಾಂಬೆ ಮೇಲೆ 106 ಹೊಡೆದ ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡಾದಲ್ಲಿ. ಇನ್ನೊಂದು, 2013-14ರಲ್ಲಿ ಕರ್ನಾಟಕ ರಣಜಿ, ಇರಾನಿ, ವಿಜಯ್ ಹಜಾರೆ ಮೂರನ್ನೂ ಗೆದ್ದಿತು. ಮರುವರ್ಷ ಮತ್ತೆ ಮೂರೂ. ಆ ಎರಡನೇ ವರ್ಷದ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ಮೇಲೆ ಕರುಣ್ ನಾಯರ್ ಹೊಡೆದಿದ್ದು 328. ಎಲ್ಲಾ ‘ನಮ್ಮ ಹುಡುಗ್ರೇ’. ಅವತ್ತು ಜಯನಗರದಲ್ಲಿ ಒಂದು ಪಟಾಕಿ ಹಾರಲಿಲ್ಲ. ಅಪ್ಪ ಒಬ್ಬರೇ ಫೋರ್ತ್ ಬ್ಲಾಕಿಗೆ ಹೋಗಿ ಅರ್ಧ ಕೆಜಿ ಮೈಸೂರು ಪಾಕ್ ತಂದರು. ಊರಿನವರು, ಭಾಷೆಯವರು ಅನ್ನೋದಷ್ಟೇ ‘ನಾವು’ವನ್ನ ಕಟ್ಟೋದಾಗಿದ್ದರೆ ಅವತ್ತು ರಸ್ತೆ ತುಂಬಬೇಕಿತ್ತು.

ಹಾಗಾದರೆ ಅದನ್ನ ಕಟ್ಟೋದು ಏನು? ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತವರ ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಯೂನಿವರ್ಸಿಟಿಯ ಫುಟ್‌ಬಾಲ್ ಟೀಮು ವಾರಾಂತ್ಯದಲ್ಲಿ ಗೆದ್ದರೆ, ಸೋಮವಾರ ಆ ಯೂನಿವರ್ಸಿಟಿಯ ಹೆಸರಿರುವ ಬಟ್ಟೆ ಹಾಕಿಕೊಂಡು ಬರೋ ಹುಡುಗರು ಜಾಸ್ತಿ. ಫೋನ್ ಮಾಡಿ ಮ್ಯಾಚಿನ ಬಗ್ಗೆ ಕೇಳಿದರೆ, ಗೆದ್ದಿದ್ದರೆ ‘ನಾವು ಗೆದ್ವಿ’, ಸೋತಿದ್ದರೆ ‘ಅವರು ಸೋತ್ರು’ ಅನ್ನೋ ಕಡೆಗೆ ವಾಲ್ತಾರೆ. ಓದಿದಾಗ ನನಗೆ ಒಳಗೊಳಗೇ ಜಂಬ ಬಂತು. ಯಾಕೆ ಅಂದ್ರೆ ಈ ಸಿದ್ಧಾಂತ ಬೆಂಗಳೂರಿಗೆ ಬಂದು ಮಕಾಡೆ ಬೀಳುತ್ತೆ. 2008ರ ಏಪ್ರಿಲ್ 18, ಐಪಿಎಲ್ಲಿನ ಮೊಟ್ಟಮೊದಲ ಮ್ಯಾಚು, ನಮ್ಮದೇ ಮೈದಾನದಲ್ಲಿ ಮೆಕಲಮ್ ಒಬ್ಬರೇ 158, ನಮ್ಮ ಇಡೀ ಟೀಮು 82. 2017ರಲ್ಲಿ 49ಕ್ಕೆ ಆಲೌಟ್. 2009, 2011, 2016, ಮೂರು ಫೈನಲ್, ಮೂರೂ ಸೋಲು. ಒಂದು ಸಲವಾದರೂ ‘ಅವರು ಸೋತ್ರು’ ಅಂತ ನಾವು ಅಂದಿದ್ವಾ? ಪ್ರತಿ ಮಾರ್ಚ್ ಬಂತು ಅಂದ್ರೆ ಈ ಸಲ ಕಪ್ ನಮ್ದೇ. ಇಡೀ ದೇಶ ಆಡಿಕೊಂಡು ನಕ್ಕರೂ ನಮ್ದೇ.

ಹಾಗಾಗಿ ಅಪ್ಪನಿಗೆ ನನ್ನ ಉತ್ತರ ತಯಾರಾಗಿತ್ತು. ‘ನಾವು’ ಅನ್ನೋ ಹಕ್ಕು ಹುಟ್ಟಿನಿಂದ ಬರಲ್ಲ, ಓವರ್ ಹಾಕೋದ್ರಿಂದಲೂ ಬರಲ್ಲ. ಜೊತೆಯಲ್ಲಿ ಸೋತಿದ್ದರಿಂದ ಬರುತ್ತೆ. ಹದಿನೇಳು ವರ್ಷ ಕಂತು ಕಟ್ಟಿದ್ದೀವಿ, ಬಾಡಿಗೆ ಅಲ್ಲ ಇದು, ಸ್ವಂತ. ಒಳ್ಳೇ ವಾದ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಮಧ್ಯೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಮನೆಯಲ್ಲಿ ಊಟ ಸಿಗಲ್ಲ. ‘ಹದಿನೇಳು ವರ್ಷ ಕಪ್ಪೇ ಇಲ್ಲ’ ಅಂತ ನಾನು ಗೋಳಾಡುವಾಗ ಹೆಂಡತಿ ಒಂದು ದಿನ, ‘ಕಪ್ ಬಂದು ಎಷ್ಟು ದಿನ ಆಯ್ತು, ನಿನಗೆ ಕಾಣ್ಲಿಲ್ವಾ?’ ಅಂದಳು. 2024ರ ಮಾರ್ಚ್ 17ಕ್ಕೆ ಸ್ಮೃತಿ ಮಂಧಾನ ನಾಯಕತ್ವದ ಹೆಣ್ಣುಮಕ್ಕಳ ಟೀಮು ಡೆಲ್ಲಿಯಲ್ಲಿ ಫೈನಲ್ ಗೆದ್ದಿತ್ತು. ಅದರಲ್ಲಿ 4 ವಿಕೆಟ್ ತೆಗೆದಿದ್ದು ನಮ್ಮ ಶ್ರೇಯಾಂಕಾ ಪಾಟೀಲ್. ನನ್ನ ‘ನಾವು’ ಎಷ್ಟು ದೊಡ್ಡದು ಅಂತ ಭಾಷಣ ಬಿಗಿಯೋ ನಾನು ಅದನ್ನ ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವಳ ಮಾತಿಗೆ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಸರಿ, 2025ರ ಜೂನ್ 3ಕ್ಕೆ ಬರೋಣ. ಮಂಗಳವಾರ. ಅಹಮದಾಬಾದಿನಲ್ಲಿ ನಮ್ಮದು 190. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕಿತ್ತು. ಹೇಜಲ್‌ವುಡ್ ಮೊದಲೆರಡು ಬಾಲಿಗೆ ರನ್ ಕೊಡಲಿಲ್ಲ. ಅಲ್ಲಿಗೆ ಮುಗೀತು. ಬೌಂಡರಿ ಹತ್ತಿರ ನಿಂತಿದ್ದ ಕೊಹ್ಲಿ ಮುಖ ಮುಚ್ಚಿಕೊಂಡು ಅಳೋಕೆ ಶುರು ಮಾಡಿದರು. ಆಮೇಲೆ ಶಶಾಂಕ್ ಸಿಂಗ್ ಹೊಡೆದ ಸಿಕ್ಸರ್‌ಗಳನ್ನ ನಾನು ನೋಡಲೇ ಇಲ್ಲ, ಕಣ್ಣು ಮಂಜಾಗಿತ್ತು. 6 ರನ್ನಿನ ಗೆಲುವು. ಅಪ್ಪ ಪಕ್ಕದಲ್ಲೇ ಕೂತು ಪೂರ್ತಿ ನೋಡಿದ್ದರು. ‘ಅಂತೂ ಗೆದ್ರಲ್ಲಪ್ಪಾ, ನಿಮ್ಮೋರು’ ಅಂದರು. ಆಗಲೂ ‘ನಿಮ್ಮೋರು’.

ನಾನು ಬೈಕ್ ಹತ್ತಿ ಬಿ.ಟಿ.ಎಂ. ಕಡೆ ಹೊರಟೆ. ಅಲ್ಲಿ ಪಿಜಿಯಲ್ಲಿರೋ ನನ್ನ ಟೀಮ್‌ಮೇಟ್ ಒಬ್ಬ ಇದ್ದಾನೆ, ಕರ್ನೂಲಿನ ಕಡೆಯವನು. ರಾಗಿಗುಡ್ಡ ದಾಟೋಕೇ ಮುಕ್ಕಾಲು ಗಂಟೆ ಹಿಡೀತು. ಸಿಗ್ನಲ್ಲಿನ ಹತ್ತಿರ ಸಿಕ್ಕವನೇ ನನ್ನನ್ನ ಅನಾಮತ್ತು ಎತ್ತಿಕೊಂಡು ‘ಮನಂ ಗೆಲಿಚಾಂ!’ ಅಂತ ಕೂಗಿದ. ಇಲ್ಲೊಂದು ವ್ಯಾಕರಣದ ಸ್ವಾರಸ್ಯ ಇದೆ. ತೆಲುಗಿನಲ್ಲಿ ‘ನಾವು’ ಅನ್ನೋಕೆ ಎರಡು ಪದ. ‘ಮೇಮು’ ಅಂದ್ರೆ ನಾವು, ನಿನ್ನನ್ನ ಬಿಟ್ಟು. ‘ಮನಂ’ ಅಂದ್ರೆ ನಾವು, ನೀನೂ ಸೇರಿ. ತಮಿಳಿನಲ್ಲೂ ಹಾಗೇ, ‘ನಾಂಗಳ್’ ಬೇರೆ, ‘ನಾಮ್’ ಬೇರೆ. ಕನ್ನಡದಲ್ಲಿ ನಾವು ಮಾತಾಡುವಾಗ ಇರೋದು ಒಂದೇ, ‘ನಾವು’. ಎದುರಿಗಿರೋನು ಅದರ ಒಳಗಿದ್ದಾನಾ ಹೊರಗಿದ್ದಾನಾ ಅಂತ ಪದ ಹೇಳಲ್ಲ. ಆ ರಾತ್ರಿ ಇದೇ ನಮ್ಮ ಭಾಷೆಯ ದೊಡ್ಡತನ ಅನ್ನಿಸಿತ್ತು. ಬಾಗಿಲೇ ಇಲ್ಲದ ಮನೆ, ಯಾರು ಬೇಕಾದರೂ ಬರಬಹುದು. ಬಾಗಿಲಿಲ್ಲದ ಮನೆಯಿಂದ ಯಾರನ್ನ ಬೇಕಾದರೂ ಸದ್ದಿಲ್ಲದೆ ಹೊರಗೆ ಹಾಕಬಹುದು ಅನ್ನೋದು ಹೊಳೆದಿದ್ದು ಮಾರನೇ ದಿನ.

ಮಾರನೇ ದಿನ ಬುಧವಾರ ನನಗೆ ವರ್ಕ್ ಫ್ರಮ್ ಹೋಮ್. ಬೆಳಿಗ್ಗೆಯಿಂದ ಫೋನಿಗೆ ಸುದ್ದಿ ಮೇಲೆ ಸುದ್ದಿ. ಮೆರವಣಿಗೆ ಇದೆಯಂತೆ, ಇಲ್ಲವಂತೆ. ವಿಧಾನಸೌಧದಲ್ಲಿ ಸನ್ಮಾನ, ಆಮೇಲೆ ಸ್ಟೇಡಿಯಂನಲ್ಲಿ. ಪಾಸ್ ಬೇಕಂತೆ, ಬೇಡವಂತೆ. ಮೂರು ಗಂಟೆಗೆ ಲಾಗೌಟ್ ಆಗಿ ಹೋಗೋದು ಅಂತ ನಾನು ತೀರ್ಮಾನ ಮಾಡಿದ್ದೆ. ಹನ್ನೆರಡೂವರೆಗೆ ಹಾಲು ತರೋಕೆ ಕೆಳಗೆ ಹೋದಾಗ ನಮ್ಮ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಹುಡುಗ ಗೇಟಿನಲ್ಲಿ ಮೊಬೈಲ್ ನೋಡ್ತಾ ನಿಂತಿದ್ದ. ಯಾದಗಿರಿ ಕಡೆಯವನು, ಇಪ್ಪತ್ತು ವರ್ಷ ಇರಬಹುದು. ಹಿಂದಿನ ರಾತ್ರಿ ಮ್ಯಾಚನ್ನ ಪೂರ್ತಿ ಗೇಟಿನಲ್ಲೇ ನಿಂತು ನೋಡಿದ್ದ.

‘ಸರ, ಒಂದು ಗಂಟೆಗಿ ನನ್ನ ಡ್ಯೂಟಿ ಮುಗೀತೈತ್ರಿ. ಸ್ಟೇಡಿಯಂಗ ಹೋಗ್ಲೇನ್ರಿ? ಒಳಗ ಬಿಡ್ತಾರೇನ್ರಿ?’

‘ಹೋಗಪ್ಪಾ, ಇಂಥಾ ದಿನ ಮತ್ತೆ ಬರಲ್ಲ’ ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಏನೋ. ಮೇಲೆ ಹೋಗಿ ನನ್ನ ಹಳೇ ಕೆಂಪು ಜೆರ್ಸಿ ತಂದುಕೊಟ್ಟೆ, ಬೆನ್ನ ಮೇಲೆ 18 ಇರೋದು. ಜೊತೆಗೆ ಇನ್ನೂರು ರೂಪಾಯಿ. ‘ಕಬ್ಬನ್ ಪಾರ್ಕ್ ಸ್ಟೇಷನ್‌ನಲ್ಲಿ ಇಳ್ಕೊ, ಎದುರಿಗೇ ಇದೆ’ ಅಂತ ದಾರಿಯನ್ನೂ ಹೇಳಿದೆ. ಅವನು ಜೆರ್ಸಿ ಹಾಕಿಕೊಂಡು ಗೇಟಿನ ಕನ್ನಡಿಯಲ್ಲಿ ಬೆನ್ನು ನೋಡಿಕೊಂಡ.

ನಾನು ಹೋಗಲಿಲ್ಲ. ಎರಡೂವರೆಗೆ ಒಂದು ಪ್ರೊಡಕ್ಷನ್ ಇಶ್ಯೂ ಬಂತು, ಕಾಲ್ ಮುಗಿದಾಗ ಐದೂಕಾಲು. ಇದಿಷ್ಟೇ ಕಾರಣ. ವಿವೇಕ ಅಲ್ಲ, ಮುನ್ನೆಚ್ಚರಿಕೆ ಅಲ್ಲ, ಒಂದು ಸರ್ವರ್ ಕೈಕೊಟ್ಟಿತ್ತು.

ಹಾಲಿಗೆ ಬಂದಾಗ ಟೀವಿಯಲ್ಲಿ ಕಾಲ್ತುಳಿತದ ಸುದ್ದಿ ಓಡ್ತಾ ಇತ್ತು. ಸುಮಾರು 35 ಸಾವಿರ ಜನ ಹಿಡಿಯೋ ಸ್ಟೇಡಿಯಂನ ಸುತ್ತ ಲಕ್ಷಗಟ್ಟಲೆ ಜನ. ಗೇಟುಗಳ ಹತ್ತಿರ ಚಪ್ಪಲಿಗಳ ರಾಶಿ. ಒಬ್ಬರು ಅಂದರು, ಮೂವರು ಅಂದರು, ಸಂಖ್ಯೆ ಏರ್ತಾನೇ ಹೋಯಿತು. ಕೊನೆಗೆ 11. ಅದರಲ್ಲೊಬ್ಬಳು ಹದಿನಾಲ್ಕು ವರ್ಷದ ಹುಡುಗಿ.

ಅಂಕಿ ಇನ್ನೂ ನಾಲ್ಕೋ ಐದೋ ಇದ್ದಾಗ ನನ್ನ ಬಾಯಿಂದ ಮೊದಲು ಬಂದ ಮಾತು: ‘ಅವರಿಗಾದ್ರೂ ಬುದ್ಧಿ ಬೇಡ್ವಾ? ಟಿಕೆಟ್ಟಿಲ್ಲ, ಪಾಸಿಲ್ಲ, ಯಾಕೆ ಹೋಗಿ ನುಗ್ತಾರೆ ಈ ಜನ?’

ಅಪ್ಪ ಟೀವಿಯಿಂದ ಕಣ್ಣು ತೆಗೀಲಿಲ್ಲ. ‘ನಮ್ಮ ಮಕ್ಕಳು ಹೋಗ್ಬಿಟ್ವಲ್ಲೋ’ ಅಂದರು.

ಆ ಎರಡು ವಾಕ್ಯಗಳನ್ನ ಅಕ್ಕಪಕ್ಕ ಇಟ್ಟು ನಾನು ಆಮೇಲೆ ಎಷ್ಟೋ ಸಲ ನೋಡಿದ್ದೀನಿ. ಹದಿನೆಂಟು ಸೀಸನ್ ‘ನಾವು’ ‘ನಾವು’ ಅಂತ ಗಂಟಲು ಹರ್ಕೊಂಡವನು ನಾನು. ಸಾವು ಬಂದ ಕೂಡಲೇ ನನಗೆ ಅವರು ‘ಈ ಜನ’ ಆದರು. ಒಂದು ದಿನವೂ ಆ ಟೀಮನ್ನ ‘ನಮ್ಮದು’ ಅನ್ನದ ಅಪ್ಪನಿಗೆ ಅವರು ‘ನಮ್ಮ ಮಕ್ಕಳು’ ಆದರು. ಜೊತೆಯಲ್ಲಿ ಸೋತಿದ್ದಕ್ಕೆ ಬಂದ ಹಕ್ಕು ಅಂತ ನಾನು ಕಟ್ಟಿಕೊಂಡಿದ್ದ ವಾದ ಇತ್ತಲ್ಲ, ಆ ಸೋಲುಗಳೆಲ್ಲ ಎಂಥವು? ಬೆಳಗಾದರೆ ಮೀಮ್ ಆಗೋ ಸೋಲುಗಳು. ನಿಜವಾಗಿ ಕಳೆದುಕೊಳ್ಳೋದು ಬಂದಾಗ ನಾನೂ ಚಿಯಾಲ್ಡಿನಿಯ ಹುಡುಗರ ಹಾಗೇ ಷರ್ಟ್ ಬಿಚ್ಚಿಟ್ಟೆ. ಅದೂ ಒಂದು ನಿಮಿಷದೊಳಗೆ.

ಷರ್ಟ್ ಅಂದ ಕೂಡಲೇ ಹುಡುಗ ನೆನಪಾದ. ಇಲ್ಲ, ಸುಳ್ಳು ಹೇಳಲ್ಲ, ಟೀವಿ ನೋಡಿದ ಕ್ಷಣವೇ ನೆನಪಾಗಿದ್ದ. ನೆನಪಾಗಿದ್ದಕ್ಕೇ ಆ ಮಾತು ಅಷ್ಟು ಬೇಗ ಬಾಯಿಗೆ ಬಂತೇನೋ. ತಪ್ಪು ಹೋದವರದೇ ಆಗಿಬಿಟ್ಟರೆ, ಹೋಗು ಅಂದವನು ಬಚಾವ್.

ಫೋನ್ ಮಾಡಿದೆ. ಸ್ವಿಚ್ ಆಫ್. ಸೆಕ್ಯೂರಿಟಿ ಸೂಪರ್‌ವೈಸರ್‌ಗೆ ಮಾಡಿದೆ, ‘ಬರ್ತಾನೆ ಬಿಡಿ ಸಾರ್’ ಅಂದರು. ಆರು, ಏಳು, ಎಂಟು. ಆಸ್ಪತ್ರೆಗಳ ದೃಶ್ಯ ತೋರಿಸಿದಾಗೆಲ್ಲ ನಾನು ಮುಖ ನೋಡ್ತಿರಲಿಲ್ಲ, ಬೆನ್ನು ನೋಡ್ತಿದ್ದೆ. ಆದರೆ ಅಲ್ಲಿ ಅರ್ಧಕ್ಕರ್ಧ ಬೆನ್ನುಗಳ ಮೇಲೆ ಇದ್ದಿದ್ದು 18.

ಹತ್ತಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಬಂದ. ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ. ಉಳಿದ ಒಂದನ್ನ ಕೈಯಲ್ಲಿ ಹಿಡ್ಕೊಂಡಿದ್ದ. ಫೋನ್ ಬಿದ್ದುಹೋಗಿತ್ತು, ಹಣವೂ ಇರಲಿಲ್ಲ. ಕಾರ್ಪೊರೇಷನ್ನಿಂದ ಮಿನರ್ವ, ಸೌತ್ ಎಂಡ್ ದಾಟಿ ನಡ್ಕೊಂಡೇ ಬಂದಿದ್ದ. ಗೇಟಿನ ತನಕ ಹೋಗಿದ್ದನಂತೆ. ಹಿಂದಿನಿಂದ ದಬ್ಬಿದರಂತೆ, ಯಾರೋ ದೊಡ್ಡೋರು ಕಾಲರ್ ಹಿಡಿದು ಪಕ್ಕಕ್ಕೆ ಎಳೆದರಂತೆ. ಎಳೆದವರು ಯಾರು ಅಂತ ಗೊತ್ತಿಲ್ಲ. ‘ಸರ, ನಿಮ್ಮ ಅಂಗಿ ಹರೀತ್ರಿ’ ಅಂದ.

ಇಲ್ಲಿ ನೀವು ಕೇಳಬಹುದು, ನಿಂದೇನು ತಪ್ಪು? ಅಷ್ಟು ಜನರನ್ನ ಕರೆದವರು, ಗೇಟು ನೋಡಿಕೊಳ್ಳಬೇಕಾದವರು ಯಾರು, ಅದರ ವಿಚಾರಣೆಗೆ ಆಯೋಗ ಇತ್ತು, ಕೋರ್ಟಿದೆ. ಆ ಹೊಣೆಯನ್ನ ಅಭಿಮಾನಿಗಳ ತಲೆ ಮೇಲೆ ಹಂಚಿ ಹಗುರ ಮಾಡೋದು ಮಹಾ ಮೋಸ. ಖಂಡಿತ ಒಪ್ತೀನಿ. ನಾನು ಹೇಳ್ತಿರೋದು ಬೇರೆ.

ಚಿಯಾಲ್ಡಿನಿ ಅಧ್ಯಯನ ಬಂದ 1976ರಲ್ಲೇ, ಕಾಕತಾಳೀಯ, ಇಂಗ್ಲೆಂಡಿನ ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ವಿಲಿಯಮ್ಸ್ ‘ನೈತಿಕ ಅದೃಷ್ಟ’ದ ಬಗ್ಗೆ ಒಂದು ಪ್ರಬಂಧ ಬರೆದರು. ಅದರಲ್ಲಿ ಒಬ್ಬ ಲಾರಿ ಡ್ರೈವರ್ ಬರ್ತಾನೆ. ಅವನದೇನೂ ತಪ್ಪಿಲ್ಲ, ಆದರೂ ಒಂದು ಮಗು ಅವನ ಲಾರಿಗೆ ಸಿಕ್ಕಿ ಸಾಯುತ್ತೆ. ನೋಡಿದವರೆಲ್ಲ ‘ಅಯ್ಯೋ’ ಅಂತಾರೆ. ಅವನಿಗೂ ಅಷ್ಟೇ ‘ಅಯ್ಯೋ’ ಅನ್ನಿಸಿದರೆ? ‘ನಿನ್ನ ತಪ್ಪಿಲ್ಲಪ್ಪ’ ಅಂತ ನಾವು ಸಮಾಧಾನ ಮಾಡಿದ ಕೂಡಲೇ ಅವನು ‘ಹೌದಲ್ವಾ’ ಅಂತ ಎದ್ದು ಕಾಫಿ ಕುಡಿಯೋಕೆ ಹೋದರೆ? ನಮಗೆ ಅವನ ಬಗ್ಗೆಯೇ ಅನುಮಾನ ಬರುತ್ತೆ. ತಪ್ಪಿಲ್ಲದೆಯೂ ಒಂದು ಘಟನೆ ನಮಗೆ ಅಂಟಿಕೊಂಡಿರಬಹುದು, ಅಂಟಿಕೊಂಡಿದೆ ಅಂತ ಒಪ್ಪಿಕೊಳ್ಳೋದು ಮನುಷ್ಯನಾಗಿರೋದರ ಭಾಗ ಅನ್ನೋದು ಅವರ ಮಾತು.

ಈಗ ಅಪ್ಪನ ಪ್ರಶ್ನೆಯನ್ನ ಇದರ ಪಕ್ಕಕ್ಕಿಟ್ಟು ನೋಡಿ. ನಾನು ಯಾವ ಓವರೂ ಹಾಕಲಿಲ್ಲ, ಆದರೂ ಗೆಲುವು ನನ್ನದು ಅಂದೆ. ಮಾಡದೇ ಇರೋದು ನನ್ನದಾಗಬಹುದು ಅಂತ ಒಪ್ಪಿಕೊಂಡೇ ಅಲ್ವಾ ಕುಣಿದಿದ್ದು? ಜೂನ್ 3ಕ್ಕೆ ಹಾಗೆ ಕುಣಿದವನು ಜೂನ್ 4ಕ್ಕೆ ‘ನಾನೇನು ಮಾಡಿದೆ?’ ಅಂತ ಕೇಳೋ ಹಾಗಿಲ್ಲ. ಮಾಡದ ಗೆಲುವಿಗೆ ಹೆಮ್ಮೆ ಪಡಬಹುದಾದರೆ, ಮಾಡದ ಸಾವಿಗೆ ತಲೆ ತಗ್ಗಿಸಬೇಕಾಗುತ್ತೆ. ಅದು ಬೇಡ ಅನ್ನೋರು ಅಪ್ಪನ ಮಾತು ಒಪ್ಪಿಕೊಂಡು ‘ಅವರು ಗೆದ್ರು’ ಅಂತ ಹೇಳಿ ಮಲಗಬಹುದು. ಅದರಲ್ಲೂ ಮರ್ಯಾದೆ ಇದೆ.

ಲಿವರ್‌ಪೂಲ್ ಅಭಿಮಾನಿಗಳ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತೆ. 1989ರ ಏಪ್ರಿಲ್ 15, ಹಿಲ್ಸ್‌ಬರೋ ಮೈದಾನ. ನೂಕುನುಗ್ಗಲಿನಲ್ಲಿ ಸತ್ತವರು ಒಟ್ಟು 97 ಜನ. ಕುಡಿದು ನುಗ್ಗಿದರು, ಅವರದೇ ತಪ್ಪು ಅಂತ ಆಗಲೂ ಕೆಲವರು ಬರೆದರು. ಅಂದರೆ ನಾನು ಸೋಫಾ ಮೇಲೆ ಕೂತು ಆಡಿದ್ದೇ ಮಾತು. ಅಭಿಮಾನಿಗಳ ತಪ್ಪಿರಲಿಲ್ಲ ಅಂತ ಜ್ಯೂರಿ ಹೇಳೋಕೆ 2016 ಆಗಬೇಕಾಯಿತು. ಆ 27 ವರ್ಷ ಆ ಊರಿನವರು ಸತ್ತವರನ್ನ ‘ಆ ಜನ’ ಅಂತ ಬಿಟ್ಟುಕೊಡಲಿಲ್ಲ. ಇವತ್ತಿಗೂ ಟೀಮಿನ ಜೆರ್ಸಿಯ ಹಿಂದೆ, ಕತ್ತಿನ ಕೆಳಗೆ, ಪುಟ್ಟದಾಗಿ 97 ಅಂತ ಇರುತ್ತೆ. ಗೆದ್ದ ದಿನವೂ ಇರುತ್ತೆ.

ನಾನು ಅಷ್ಟು ದೊಡ್ಡದೇನೂ ಮಾಡಿಲ್ಲ. ಟೀಮು ಬಿಟ್ಟೂ ಇಲ್ಲ. ಕೆಲವು ಗೆಳೆಯರು ‘ಇನ್ನು ಆರ್‌ಸಿಬಿ ನೋಡಲ್ಲ’ ಅಂತ ಶಪಥ ಮಾಡಿದರು. ನನಗೆ ಅದೂ ಒಂಥರಾ ಷರ್ಟ್ ಬಿಚ್ಚಿಡೋದೇ ಅನ್ನಿಸಿತು. ‘ಈ ಜನ’ ಅಂತ ಅವತ್ತು ಅಪಾರ್ಟ್‌ಮೆಂಟ್ ಗ್ರೂಪಿನಲ್ಲೂ ಒಂದು ಮೆಸೇಜ್ ಹಾಕಿದ್ದೆ, ಅದಕ್ಕೆ ಹದಿನೇಳು ಥಂಬ್ಸ್ ಅಪ್ ಬಂದಿತ್ತು. ಅದನ್ನ ಅಳಿಸೋಕೆ ಹೋದೆ, ಟೈಮ್ ಮೀರಿತ್ತು. ಇನ್ನೊಂದು ಮೆಸೇಜ್ ಹಾಕಿದೆ: ‘ಹೋಗಬೇಕು ಅಂತ ನಾನೂ ಹೊರಟಿದ್ದೆ.’ ಅದಕ್ಕೆ ಯಾರೂ ಏನೂ ಹೇಳಲಿಲ್ಲ.

ಆ ಭಾನುವಾರ ಹುಡುಗನನ್ನ ಕರ್ಕೊಂಡು ಫೋರ್ತ್ ಬ್ಲಾಕಿಗೆ ಹೋದೆ, ಚಪ್ಪಲಿ ಕೊಡಿಸೋಕೆ. ಉಳಿದಿದ್ದ ಒಂಟಿ ಚಪ್ಪಲಿಯನ್ನ ಅಳತೆಗೆ ಅಂತ ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದ. ಅಂಗಡಿಯವರು ನಾಲ್ಕೈದು ಜೊತೆ ತೆಗೆದಿಟ್ಟರು. ಒಂದೊಂದನ್ನೇ ಹಾಕಿ, ಎದ್ದು ನಡೆದು, ಮತ್ತೆ ಕೂತು ನೋಡಿದ. ದಾರಿಯುದ್ದಕ್ಕೂ ಅವನು ಆ ದಿನದ ಸುದ್ದಿ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಮೂರನೇ ಜೊತೆ ಹಾಕಿಕೊಳ್ಳುವಾಗ ತಲೆ ಎತ್ತದೆ ಕೇಳಿದ:

‘ಸರ, ಕಪ್ ಅಂತೂ ನಮ್ದ ಆತಲ್ರಿ?’

‘ಆಯ್ತು ಕಣೋ’ ಅಂದೆ. ಅವನು ಬೆಲ್ಟಿನ ಬಕಲ್ ಹಾಕಿಕೊಂಡು, ಎಡಗಾಲಿನದು ಒಂಚೂರು ಬಿಗಿ ಅನ್ನಿಸ್ತೈತಿ ಅಂತ ಅಂಗಡಿಯವರಿಗೆ ಹೇಳಿದ. ಅವರು ಒಂದು ಸೈಜ್ ದೊಡ್ಡದು ತರೋಕೆ ಒಳಗೆ ಹೋದರು.